ಕೆಲಸ ಆಗದೆಯೇ ದೂರು ಮುಗಿಯುವುದು ಹೇಗೆ, ಆಮೇಲೆ ಮಾಡಬೇಕಾದ್ದೇನು

ಬೀದಿದೀಪ ಉರಿಯುತ್ತಿಲ್ಲ ಎಂದು ದೂರು ಕೊಟ್ಟವರ ಮೊಬೈಲಿಗೆ ಕೆಲವೇ ದಿನಗಳಲ್ಲಿ ಸಂದೇಶ ಬರುತ್ತದೆ: ‘ನಿಮ್ಮ ದೂರನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ.’ ಕಂಬದ ಕೆಳಗೆ ಕತ್ತಲೆ ಹಾಗೇ ಇರುತ್ತದೆ. ದೂರು ವ್ಯವಸ್ಥೆಗಳ ಮೇಲೆ ಜನರಿಗಿರುವ ಸಿಟ್ಟಿನ ದೊಡ್ಡ ಪಾಲು ಹುಟ್ಟುವುದು ಇಂಥ ಸಂದೇಶಗಳಿಂದ. ದೂರು ಹೇಳಲು ಈಗ ದಾರಿಗಳಿಗೇನೂ ಬರವಿಲ್ಲ. ರಾಜ್ಯ ಸರ್ಕಾರದ ಜನಸ್ಪಂದನಕ್ಕೆ 1902, ವಿದ್ಯುತ್ತಿಗೆ 1912, ಬೆಂಗಳೂರಿನ ಕುಡಿಯುವ ನೀರು ಮತ್ತು ಒಳಚರಂಡಿಗೆ 1916, ಬೆಂಗಳೂರಿನ ಪಾಲಿಕೆ ಕೆಲಸಗಳಿಗೆ 1533. ಕೇಂದ್ರ ಸರ್ಕಾರದ ಇಲಾಖೆಗಳಿಗೆ 2007ರಿಂದ ಸಿಪಿಗ್ರಾಮ್ಸ್ ಜಾಲತಾಣವಿದೆ. ಇವೆಲ್ಲದರ ಜೊತೆಗೆ ಜಿಲ್ಲಾಧಿಕಾರಿಗಳ ಜನತಾ ದರ್ಶನವೂ ಇದೆ. ಇಷ್ಟಿದ್ದೂ ದೂರು ಏಕೆ ದಡ ಸೇರುವುದಿಲ್ಲ ಎಂದು ತಿಳಿಯಬೇಕಾದರೆ ಅದು ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ನೋಡಬೇಕು.

ದೂರಿನ ದಾರಿ

ಸಹಾಯವಾಣಿಗೆ ಕರೆ ಮಾಡಿದಾಗ ಫೋನ್ ಎತ್ತುವವರು ಇಲಾಖೆಯ ನೌಕರರಾಗಿರುವುದು ಅಪರೂಪ. ನೀವು ಹೇಳಿದ್ದನ್ನು ಕೇಳಿ, ಪರದೆಯ ಮೇಲಿರುವ ಪಟ್ಟಿಯಿಂದ ಒಂದು ಇಲಾಖೆ, ಒಂದು ವಿಷಯ, ಒಂದು ಸ್ಥಳವನ್ನು ಆರಿಸಿ, ಎರಡು ಸಾಲು ಟೈಪ್ ಮಾಡುವುದು ಅವರ ಕೆಲಸ. ದೂರಿನ ಅರ್ಧ ಹಣೆಬರಹ ಆ ನಿಮಿಷದಲ್ಲೇ ತೀರ್ಮಾನವಾಗಿಬಿಡುತ್ತದೆ. ಚರಂಡಿ ಕಟ್ಟಿಕೊಂಡು ಮನೆ ಮುಂದೆ ಕೊಳಚೆ ನಿಂತಿದೆ ಎಂದುಕೊಳ್ಳಿ. ಅದನ್ನು ‘ನೈರ್ಮಲ್ಯ’ ಎಂದು ಗುರುತಿಸಿದರೆ ಆರೋಗ್ಯ ನಿರೀಕ್ಷಕರ ಲಾಗಿನ್‌ಗೆ ಹೋಗುತ್ತದೆ, ‘ಮಳೆನೀರು ಚರಂಡಿ’ ಎಂದರೆ ಎಂಜಿನಿಯರಿಗೆ, ‘ಒಳಚರಂಡಿ’ ಎಂದರೆ ಬೇರೊಂದು ಸಂಸ್ಥೆಗೇ. ತಪ್ಪು ಲಾಗಿನ್‌ಗೆ ಹೋದ ದೂರನ್ನು ಸರಿಯಾದ ಕಡೆ ಕಳುಹಿಸುವುದಕ್ಕಿಂತ ‘ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದು ಮುಗಿಸುವುದು ಸುಲಭ.

ಅಲ್ಲಿಂದ ದೂರು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಇಲಾಖೆಯ ಮುಖ್ಯ ಕಚೇರಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಕೊನೆಗೆ ಸಹಾಯಕ ಎಂಜಿನಿಯರ್, ಪಿಡಿಒ ಅಥವಾ ಗ್ರಾಮ ಆಡಳಿತಾಧಿಕಾರಿಯ ಕೈಗೆ. ಮುಖ್ಯಮಂತ್ರಿಗೆ ಬರೆದ ಮನವಿಯೂ ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂಬ ಮೊಹರಿನೊಂದಿಗೆ ಅದೇ ಮೇಜಿಗೆ ಬಂದು ಬೀಳುತ್ತದೆ. ಯಾರು ಕೆಲಸ ಮಾಡಲಿಲ್ಲ ಎಂದು ದೂರಿತ್ತೋ ಬಹಳ ಸಲ ಅವರೇ ಉತ್ತರ ಬರೆಯುತ್ತಾರೆ, ಮುಕ್ತಾಯದ ಗುಂಡಿ ಒತ್ತುವವರೂ ಅವರೇ. ಮೇಲಧಿಕಾರಿಯ ಪರದೆಯಲ್ಲಿ ಕಾಣುವುದು ಸಂಖ್ಯೆಗಳು ಮಾತ್ರ: ಇಷ್ಟು ಬಂದವು, ಇಷ್ಟು ಮುಗಿದವು, ಇಷ್ಟು ಅವಧಿ ಮೀರಿವೆ. ಕಂಬದಲ್ಲಿ ಬಲ್ಬು ಉರಿಯಿತೇ ಎಂಬುದಕ್ಕೆ ಆ ಪರದೆಯಲ್ಲಿ ಜಾಗವೇ ಇಲ್ಲ.

ಎಣಿಕೆಯ ಕಾಟ

ಸಿಪಿಗ್ರಾಮ್ಸ್‌ನಲ್ಲಿ ದೂರು ಮುಗಿಸಲು ಮೊದಲು 60 ದಿನಗಳ ಗಡುವಿತ್ತು. 2021ರಲ್ಲಿ ಅದು 45 ದಿನಕ್ಕೆ, 2022ರಲ್ಲಿ 30 ದಿನಕ್ಕೆ, 2024ರ ಆಗಸ್ಟ್‌ನಲ್ಲಿ 21 ದಿನಕ್ಕೆ ಇಳಿಯಿತು. ಉದ್ದೇಶ ಒಳ್ಳೆಯದೇ. ತಡವಾದ ಪಿಂಚಣಿ, ಬಾರದ ಪಾಸ್‌ಪೋರ್ಟ್, ನಿಂತುಹೋದ ಭವಿಷ್ಯನಿಧಿ ಅರ್ಜಿಯಂಥ ಕಡತ ಸರಿಸಿದರೆ ಆಗಿಬಿಡುವ ಕೆಲಸಗಳಲ್ಲಿ ಈ ಒತ್ತಡ ನಿಜಕ್ಕೂ ಫಲ ಕೊಡುತ್ತದೆ. ಹಣ, ಟೆಂಡರು, ಇನ್ನೊಂದು ಇಲಾಖೆಯ ಒಪ್ಪಿಗೆ ಬೇಕಾದ ಕೆಲಸಗಳಲ್ಲಿ ಮಾತ್ರ ಇದೇ ಗಡುವು ತಿರುಗಿ ಹೊಡೆಯುತ್ತದೆ.

ಹೊಸ ಚರಂಡಿ ಬೇಕು ಎಂದು ದೂರು ಕೊಟ್ಟಿದ್ದೀರಿ ಎನ್ನೋಣ. ಅದನ್ನು ಕಟ್ಟಿಸುವ ಅಧಿಕಾರ ಸಹಾಯಕ ಎಂಜಿನಿಯರಿಗೆ ಇಲ್ಲ. ಅವರು ಅಂದಾಜುಪಟ್ಟಿ ತಯಾರಿಸಬೇಕು, ಅದು ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಆಡಳಿತಾತ್ಮಕ ಮಂಜೂರಾತಿ ಸಿಗಬೇಕು, ತಾಂತ್ರಿಕ ಮಂಜೂರಾತಿ ಸಿಗಬೇಕು, 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಬೇಕು. ತಿಂಗಳುಗಳ ಮಾತು. ದೂರಿನ ಗಡಿಯಾರಕ್ಕೆ ಇದು ಗೊತ್ತಿಲ್ಲ. ಅವಧಿ ಮೀರಿದ ಪಟ್ಟಿಯಲ್ಲಿ ಹೆಸರು ಕೆಂಪಾಗುವ ಮುನ್ನ ಅವರು ‘ಅನುದಾನ ಲಭ್ಯವಾದ ಕೂಡಲೇ ಕ್ರಮ ವಹಿಸಲಾಗುವುದು’ ಎಂದು ಬರೆದು ಮುಗಿಸುತ್ತಾರೆ. ಅನುದಾನ ಎಂದು ಬರುತ್ತದೆ ಎಂದು ಅವರು ಹೇಳುವುದಿಲ್ಲ, ದೂರು ಮುಗಿದಿರುವುದರಿಂದ ಆಮೇಲೆ ಯಾರೂ ಕೇಳುವುದೂ ಇಲ್ಲ. ‘ಅಂದಾಜುಪಟ್ಟಿ ಇಂಥ ತಾರೀಖಿಗೆ ಸಲ್ಲಿಸಿದ್ದೇವೆ, ಮಂಜೂರಾತಿ ಬಾಕಿ’ ಎಂದು ದೂರನ್ನು ತೆರೆದೇ ಇಡುವ ಪ್ರಾಮಾಣಿಕ ಅಧಿಕಾರಿಯ ಅಂಕಪಟ್ಟಿ ಹಾಳಾಗುತ್ತದೆ. ಸುಮ್ಮನೆ ಮುಗಿಸಿದವರದು ಚೆನ್ನಾಗಿರುತ್ತದೆ. ಜನ ಇದನ್ನು ಅಧಿಕಾರಿಯ ಉದಾಸೀನ ಎಂದುಕೊಳ್ಳುತ್ತಾರೆ. ಉದಾಸೀನವೂ ಇರಬಹುದು, ಆದರೆ ಅದಕ್ಕೆ ಬಹುಮಾನ ಕೊಡುತ್ತಿರುವುದು ಈ ಎಣಿಕೆಯೇ. ಇದನ್ನು ಬದಲಿಸದೆ ಎಷ್ಟು ಹೊಸ ಆ್ಯಪ್ ತಂದರೂ ಫಲಿತಾಂಶ ಬದಲಾಗುವುದಿಲ್ಲ.

ಮುಕ್ತಾಯದ ಟಿಪ್ಪಣಿಗಳನ್ನು ಓದುತ್ತಾ ಹೋದರೆ ಕೆಲವು ವರಸೆಗಳು ಮತ್ತೆ ಮತ್ತೆ ಸಿಗುತ್ತವೆ. ಒಂದು, ವರ್ಗಾಯಿಸಿ ಮುಗಿಸುವುದು: ದೂರನ್ನು ಇನ್ನೊಂದು ಕಚೇರಿಗೆ ಪತ್ರದ ಮೂಲಕ ಕಳುಹಿಸಿ, ಇಲ್ಲಿ ಮುಗಿಯಿತು ಎನ್ನುವುದು. ಆ ಪತ್ರಕ್ಕೆ ಅಲ್ಲಿ ಹೊಸ ದೂರು ಸಂಖ್ಯೆ ಸಿಗುವುದಿಲ್ಲ, ಟಪಾಲಿನಲ್ಲಿ ಕರಗಿಹೋಗುತ್ತದೆ. ಇನ್ನೊಂದು, ‘ದೂರುದಾರರನ್ನು ಸಂಪರ್ಕಿಸಲಾಗಿ ಕರೆ ಸ್ವೀಕರಿಸಿರುವುದಿಲ್ಲ’. ಮತ್ತೊಂದು, ಭಾಗಶಃ ಕೆಲಸ. ಐದು ಗುಂಡಿಗಳಲ್ಲಿ ಒಂದನ್ನು ಮುಚ್ಚಿ ಅದರ ಫೋಟೊ ಹಾಕುವುದು. ಒಂದೇ ವಿಷಯಕ್ಕೆ ಹತ್ತು ಜನ ದೂರು ಕೊಟ್ಟರೆ ಒಂಬತ್ತನ್ನು ‘ಈಗಾಗಲೇ ದಾಖಲಾಗಿದೆ’ ಎಂದು ಮುಗಿಸಿ, ಹತ್ತನೆಯದನ್ನೂ ಕ್ರಮೇಣ ಮುಗಿಸುವುದೂ ಉಂಟು.

ಎರಡು ಸಂಸ್ಥೆಗಳ ನಡುವೆ ಬಿದ್ದ ದೂರಿನ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಬೆಂಗಳೂರಿನಲ್ಲಿ ಜಲಮಂಡಳಿ ಕೊಳವೆ ಹಾಕಲು ಅಗೆದ ರಸ್ತೆ ಹಾಗೇ ಉಳಿದರೆ ಪಾಲಿಕೆ ‘ಅಗೆದವರು ಮುಚ್ಚಬೇಕು’ ಎನ್ನುತ್ತದೆ, ಮಂಡಳಿ ‘ರಸ್ತೆ ನಮ್ಮದಲ್ಲ’ ಎನ್ನುತ್ತದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ ಗಡಿಗಳೂ ಹೊಸದಾಗಿರುವುದರಿಂದ ಇಂಥ ತಳ್ಳಾಟಕ್ಕೆ ಇನ್ನಷ್ಟು ಎಡೆ ಸಿಕ್ಕಿದೆ. ಇಂಥಲ್ಲಿ ರಸ್ತೆ ಅಗೆತಕ್ಕೆ ಕೊಟ್ಟ ಅನುಮತಿಯ ಪ್ರತಿ ಕೇಳುವುದು ಒಳ್ಳೆಯ ಉಪಾಯ. ಯಾರು ಅಗೆಯುತ್ತಾರೆ, ಮುಚ್ಚುವ ಹೊಣೆ ಯಾರದು ಎಂಬ ಷರತ್ತುಗಳು ಅದರಲ್ಲೇ ಇರುತ್ತವೆ. ಅನುಮತಿಯೇ ಇಲ್ಲದಿದ್ದರೆ ಅದು ಇನ್ನೂ ಗಟ್ಟಿಯಾದ ದೂರು.

ಮುಗಿಸಲು ಕಷ್ಟವಾಗುವ ಹಾಗೆ ಬರೆಯುವುದು

‘ನಮ್ಮ ಬಡಾವಣೆಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲ, ಕಸ ಎತ್ತುತ್ತಿಲ್ಲ, ದೀಪಗಳಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂಬ ದೂರನ್ನು ಮುಗಿಸಲು ಅರ್ಧ ನಿಮಿಷ ಸಾಕು. ಅದರಲ್ಲಿ ಮೂರು ಇಲಾಖೆಗಳಿವೆ, ಸ್ಥಳವಿಲ್ಲ, ಏನು ಆದರೆ ಕೆಲಸ ಆದಂತೆ ಎಂಬುದೂ ಇಲ್ಲ. ‘ಕ್ರಮ ಕೈಗೊಳ್ಳಲು ಸೂಚಿಸಲಾಗಿದೆ’ ಎಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೇ ಆಯಿತು.

ಒಂದು ದೂರಿಗೆ ಒಂದೇ ವಿಷಯ. ಸ್ಥಳವನ್ನು ಇಲಾಖೆ ಗುರುತಿಸುವ ಸಂಖ್ಯೆಯಲ್ಲೇ ಹೇಳಬೇಕು. ಬೀದಿದೀಪಕ್ಕೆ ಕಂಬದ ಮೇಲೆ ಬರೆದಿರುವ ಸಂಖ್ಯೆ, ಮನೆಯ ವಿದ್ಯುತ್ ಸಂಪರ್ಕಕ್ಕೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್, ಆಸ್ತಿಗೆ ಪಿಐಡಿ ಸಂಖ್ಯೆ, ಜಮೀನಿಗೆ ಗ್ರಾಮ, ಹೋಬಳಿ, ಸರ್ವೆ ನಂಬರ್ ಮತ್ತು ಹಿಸ್ಸಾ. ‘ದೇವಸ್ಥಾನದ ಪಕ್ಕ’ ಎಂದು ಬರೆದರೆ ಬಂದು ನೋಡಿದೆವು, ಸಿಗಲಿಲ್ಲ ಎನ್ನಲು ದಾರಿ ಮಾಡಿಕೊಟ್ಟಂತೆ. ತೊಂದರೆ ಎಂದಿನಿಂದ ಇದೆ ಎಂಬ ತಾರೀಖು, ದಿನಾಂಕ ಕಾಣುವ ಎರಡು ಫೋಟೊ, ಹಿಂದೆ ಕೊಟ್ಟ ದೂರಿನ ಸಂಖ್ಯೆ ಮತ್ತು ಅದಕ್ಕೆ ಬಂದ ಉತ್ತರ, ಇಷ್ಟಿರಲಿ. ಹಳೆಯ ಸಂಖ್ಯೆ ಬಿಟ್ಟು ಹೊಸ ದೂರು ಕೊಟ್ಟರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಹಿಂದಿನ ವೈಫಲ್ಯ ದಾಖಲೆಯಿಂದ ಅಳಿಸಿಹೋಗುತ್ತದೆ.

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಏನು ಬೇಕು ಎಂದು ಅಳೆಯಬಹುದಾದ ಮಾತಿನಲ್ಲಿ ಕೇಳಬೇಕು. ‘ಇಂಥ ಸಂಖ್ಯೆಯ ಕಂಬದ ದೀಪ ಉರಿಯುವಂತೆ ಮಾಡಿ, ರಾತ್ರಿ ತೆಗೆದ ಫೋಟೊದೊಂದಿಗೆ ಉತ್ತರಿಸಿ’ ಎಂದು ಬರೆದರೆ ಸುಳ್ಳು ಉತ್ತರ ಬರೆಯಲು ಕೈ ತಡೆಯುತ್ತದೆ. ನಿರ್ವಹಣೆಯ ಕೆಲಸಕ್ಕೂ ಹೊಸ ಕಾಮಗಾರಿಗೂ ಕೇಳುವ ರೀತಿ ಬೇರೆ. ಬಲ್ಬು ಬದಲಿಸುವುದು, ಚರಂಡಿಯ ಹೂಳು ತೆಗೆಯುವುದು, ಗುಂಡಿ ಮುಚ್ಚುವುದು ವಾರ್ಷಿಕ ನಿರ್ವಹಣೆಯ ಗುತ್ತಿಗೆಯಲ್ಲಿ ಆಗುವಂಥವು, ಅಲ್ಲಿ ನೇರವಾಗಿ ಕೆಲಸವನ್ನೇ ಕೇಳಿ. ಹೊಸ ಚರಂಡಿ, ಹೊಸ ಕೊಳವೆ, ಹೊಸ ಟ್ರಾನ್ಸ್‌ಫಾರ್ಮರ್ ಬೇಕಿದ್ದರೆ ‘ಸ್ಥಳ ಪರಿಶೀಲಿಸಿ ಅಂದಾಜುಪಟ್ಟಿ ತಯಾರಿಸಿ, ಯಾವ ವರ್ಷದ ಕ್ರಿಯಾ ಯೋಜನೆಗೆ ಯಾವ ದಿನಾಂಕದಂದು ಸಲ್ಲಿಸಿದಿರಿ ಎಂದು ತಿಳಿಸಿ’ ಎಂದು ಕೇಳಿ. ಕೆಳಗಿನ ಅಧಿಕಾರಿಯ ಕೈಯಲ್ಲಿ ನಿಜವಾಗಿ ಆಗುವ ಕೆಲಸ ಅದು, ಆಗಲಿಲ್ಲವೆಂದರೆ ನೆಪ ಹೇಳುವುದು ಕಷ್ಟ.

ಕಾಗದದಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ಸಂಖ್ಯೆ, ತಾರೀಖು, ಮೊಹರು ಹಾಕಿಸಿಕೊಳ್ಳಬೇಕು. ಸಾಹೇಬರ ಕೈಗೇ ಕೊಟ್ಟೆ ಎಂಬುದು ದಾಖಲೆಯಾಗುವುದಿಲ್ಲ. ಟಪಾಲು ವಿಭಾಗ ಮೊಹರು ಹಾಕಲು ಒಪ್ಪದಿದ್ದರೆ ನೋಂದಾಯಿತ ಅಂಚೆ.

ಲಂಚ ಕೇಳಿದ್ದರ ಬಗ್ಗೆ ಇಂಥ ಪೋರ್ಟಲ್‌ಗಳಲ್ಲಿ ಬರೆಯಬೇಡಿ. ನಿಮ್ಮ ಹೆಸರು, ಫೋನ್ ನಂಬರ್ ಸಮೇತ ದೂರು ಅದೇ ಕಚೇರಿಗೆ ಇಳಿಯುತ್ತದೆ. ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕಾದ ವಿಷಯ ಅದು. ಬಲವಂತಕ್ಕೆ ಸಿಕ್ಕಿ ಕೊಟ್ಟಾಗಿದ್ದರೆ, 2018ರ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯಂತೆ ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರಷ್ಟೇ ಕೊಟ್ಟವರಿಗೆ ರಕ್ಷಣೆ.

ಅಹವಾಲು ಬೇರೆ, ಹಕ್ಕು ಬೇರೆ

ಜನ ಎಡವುವ ಇನ್ನೊಂದು ಜಾಗವಿದು. ಸಹಾಯವಾಣಿಗಳು, ಪೋರ್ಟಲ್‌ಗಳು ಸರ್ಕಾರದ ಆದೇಶದಿಂದ ನಡೆಯುವಂಥವು. ಅಲ್ಲಿ ಉತ್ತರ ಬಾರದಿದ್ದರೆ ಯಾರಿಗೂ ದಂಡವಿಲ್ಲ. ಕಾಯ್ದೆಯಿಂದ ಬಂದ ದಾರಿಗಳೂ ಇವೆ, ಅಲ್ಲಿ ಅಧಿಕಾರಿಗೆ ಕರ್ತವ್ಯವಿದೆ, ನಿಮಗೆ ಮೇಲ್ಮನವಿ ಇದೆ.

ಜಾತಿ, ಆದಾಯ ಪ್ರಮಾಣಪತ್ರ, ಖಾತಾ ಬದಲಾವಣೆ, ಪಡಿತರ ಚೀಟಿ ಇಂಥವು ತಡವಾದರೆ 1902ಕ್ಕೆ ದೂರುವುದಕ್ಕಿಂತ ಸಕಾಲ ಕಾಯ್ದೆಯ ದಾರಿ ಹಿಡಿಯುವುದು ಮೇಲು. 2011ರ ಈ ಕಾಯ್ದೆಯಲ್ಲಿ ಪ್ರತಿ ಸೇವೆಗೂ ದಿನಗಳು ನಿಗದಿಯಾಗಿವೆ. ಅರ್ಜಿ ಕೊಟ್ಟಾಗ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ (ಸಕಾಲದಲ್ಲಿ ನಿಮ್ಮ ಅರ್ಜಿಯ ಗುರುತು) ಇರುವ ಸ್ವೀಕೃತಿ ಸಿಗಬೇಕು. ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಮೇಲಿನ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ ಪರಿಹಾರ, ಅದನ್ನು ತಡ ಮಾಡಿದ ಅಧಿಕಾರಿಯಿಂದ ವಸೂಲಿ ಮಾಡಲು ಅವಕಾಶವಿದೆ.

ಇದರಲ್ಲೂ ಸೋರಿಕೆಗಳಿವೆ. ಪರಿಹಾರಕ್ಕೆ 500 ರೂಪಾಯಿಯ ಮಿತಿ ಇರುವುದರಿಂದ 25 ದಿನ ದಾಟಿದ ಮೇಲೆ ತಡಕ್ಕೆ ಬೆಲೆಯೇ ಇಲ್ಲ. 26ನೆಯ ದಿನವೂ ಒಂದೇ, 200ನೆಯ ದಿನವೂ ಒಂದೇ. ಗಡಿಯಾರ ಓಡುವುದು ಜಿಎಸ್‌ಸಿ ಸಂಖ್ಯೆ ಬಿದ್ದ ಮೇಲೆ ಮಾತ್ರ, ಹಾಗಾಗಿ ‘ದಾಖಲೆ ಕೊಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡುತ್ತೇವೆ’ ಎನ್ನುವವರಿದ್ದಾರೆ. ಆ ಮಾತಿಗೆ ಒಪ್ಪಬಾರದು. ಗಡುವಿನ ಹಿಂದಿನ ದಿನ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿ ಸಂಖ್ಯೆ ಉಳಿಸಿಕೊಳ್ಳುವುದೂ ನಡೆಯುತ್ತದೆ. ಯಾವ ದಾಖಲೆ, ಯಾವ ನಿಯಮದಂತೆ ಬೇಕು ಎಂದು ಬರೆದ ಹಿಂಬರಹ ಕೇಳಿ ಪಡೆಯಿರಿ. ಕಾರಣವಿಲ್ಲದ ತಿರಸ್ಕಾರ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.

ವಿದ್ಯುತ್ ಬಿಲ್ಲು, ಮೀಟರ್, ಸಂಪರ್ಕದ ತಕರಾರುಗಳಿಗೆ 2003ರ ವಿದ್ಯುತ್ ಕಾಯ್ದೆಯ 42ನೇ ಕಲಮಿನಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗಳಿವೆ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದರ ಮೇಲೆ ದೂರು ಕೇಳುವ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. 1912ಕ್ಕೆ ಕರೆ ಮಾಡಿ ಸಿಗುವ ಸಂಖ್ಯೆಯನ್ನೇ ಕೊನೆ ಎಂದು ತಿಳಿಯಬೇಡಿ, ಅದು ಈ ವೇದಿಕೆಗೆ ಹೋಗಲು ನಿಮ್ಮ ಮೊದಲ ದಾಖಲೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿ ಖಾಯಂ ಜನತಾ ನ್ಯಾಯಾಲಯ. ಸಾರಿಗೆ, ಅಂಚೆ, ವಿದ್ಯುತ್ತು, ನೀರು, ನೈರ್ಮಲ್ಯ, ಆಸ್ಪತ್ರೆ, ವಿಮೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ತಕರಾರನ್ನು ಇದು ವಿಚಾರಿಸುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಗೆ 2002ರಲ್ಲಿ ಸೇರಿಸಿದ ವ್ಯವಸ್ಥೆಯಿದು. ನ್ಯಾಯಾಲಯ ಶುಲ್ಕವಿಲ್ಲ. ರಾಜಿಯಾಗದಿದ್ದರೆ ಕ್ರಿಮಿನಲ್ ಸ್ವರೂಪದ್ದಲ್ಲದ ವಿವಾದವನ್ನು ತಾನೇ ತೀರ್ಮಾನಿಸುವ ಅಧಿಕಾರವೂ ಇದಕ್ಕಿದೆ. ಬೇರೆ ನ್ಯಾಯಾಲಯದಲ್ಲಿ ಕೇಸು ಹಾಕುವ ಮೊದಲೇ ಇಲ್ಲಿಗೆ ಬರಬೇಕು ಎಂಬುದನ್ನು ಮರೆಯಬಾರದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿದರೆ ನಿಮ್ಮ ಜಿಲ್ಲೆಗೆ ಯಾವ ಪೀಠ ಎಂದು ತಿಳಿಯುತ್ತದೆ.

ಇವುಗಳಿಗೂ ಪೋರ್ಟಲ್‌ಗೂ ಇರುವ ದೊಡ್ಡ ಅಂತರ ವಿಚಾರಣೆ. ದೂರಿದವರು, ದೂರಿಗೆ ಒಳಗಾದವರು ಒಂದೇ ಕೋಣೆಯಲ್ಲಿ ಮೂರನೆಯವರ ಮುಂದೆ ನಿಲ್ಲುತ್ತಾರೆ, ಕಾರಣ ಬರೆದ ಆದೇಶ ಹೊರಬೀಳುತ್ತದೆ. ಬಿಹಾರ 2015ರಲ್ಲಿ ಇದನ್ನೇ ಸಾಮಾನ್ಯ ಅಹವಾಲುಗಳಿಗೂ ವಿಸ್ತರಿಸುವ ಕಾಯ್ದೆ ತಂದಿತು, 2016ರ ಜೂನ್‌ನಿಂದ ಅದು ಜಾರಿಯಲ್ಲಿದೆ. ಉಪವಿಭಾಗ ಮತ್ತು ಜಿಲ್ಲಾ ಮಟ್ಟದಲ್ಲಿ ಅಹವಾಲಿಗೆಂದೇ ಪ್ರತ್ಯೇಕ ಅಧಿಕಾರಿಗಳಿದ್ದಾರೆ, ಸಂಬಂಧಪಟ್ಟ ಇಲಾಖೆಯವರನ್ನು ಕರೆಸಿ ಇಬ್ಬರ ಮಾತನ್ನೂ ಕೇಳಿ 60 ಕೆಲಸದ ದಿನಗಳಲ್ಲಿ ತೀರ್ಮಾನಿಸಬೇಕು. ಕೇಂದ್ರದಲ್ಲೂ 2011ರ ಡಿಸೆಂಬರ್‌ನಲ್ಲಿ ಇಂಥದ್ದೊಂದು ಮಸೂದೆ ಲೋಕಸಭೆಗೆ ಬಂದಿತ್ತು, 2014ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕರ್ನಾಟಕದಲ್ಲಿ ಸಕಾಲ ಕಾಯ್ದೆ ಸೇವೆಗಳಿಗೆ ಹಕ್ಕು ಕೊಟ್ಟಿದೆ. ಗುಂಡಿ, ಚರಂಡಿ, ನೀರಿನಂಥ ಅಹವಾಲುಗಳಿಗೆ ಬಿಹಾರದಂಥ ವಿಚಾರಣೆಯ ಹಕ್ಕು ನಮಗೂ ಬೇಕು. ಅಲ್ಲಿಯವರೆಗೆ ಕನಿಷ್ಠ ಒಂದು ನಿಯಮವನ್ನಾದರೂ ತರಬಹುದು: ದೂರಿದವರು ಒಪ್ಪದೆ, ಇಲ್ಲವೇ ಮೇಲಿನ ಅಧಿಕಾರಿ ಸ್ಥಳ ನೋಡದೆ ದೂರು ಮುಗಿಯಬಾರದು.

ಮುಗಿಸಿಬಿಟ್ಟ ಮೇಲೆ

ಸಿಪಿಗ್ರಾಮ್ಸ್‌ನಲ್ಲಿ ಮುಕ್ತಾಯವಾದ ದೂರಿಗೆ ಅಭಿಪ್ರಾಯ ಕೇಳುತ್ತಾರೆ. ‘ಕಳಪೆ’ ಎಂದು ಗುರುತಿಸಿದರೆ ಮೇಲ್ಮನವಿಯ ಆಯ್ಕೆ ತೆರೆದುಕೊಳ್ಳುತ್ತದೆ, ಅದನ್ನು 30 ದಿನದೊಳಗೆ ಬಳಸಬೇಕು. ಮೇಲ್ಮನವಿ ಇನ್ನೊಬ್ಬ, ಮೇಲಿನ ಅಧಿಕಾರಿಗೆ ಹೋಗುವುದರಿಂದ ಹೊಸ ದೂರಿಗಿಂತ ಇದು ಉತ್ತಮ. ರಾಜ್ಯದ ವಿಷಯವನ್ನು ಅಲ್ಲಿ ಹಾಕಿದರೆ ಅದು ರಾಜ್ಯಕ್ಕೇ ರವಾನೆಯಾಗುತ್ತದೆ, ಪ್ರಧಾನಿ ಕಚೇರಿಯ ಹೆಸರು ಹಾಕಿದ ಮಾತ್ರಕ್ಕೆ ಬೇಗ ಆಗುವುದಿಲ್ಲ. ನ್ಯಾಯಾಲಯದಲ್ಲಿರುವ ವಿಷಯ, ಕುಟುಂಬದ ಜಗಳ, ಮಾಹಿತಿ ಹಕ್ಕಿನ ತಕರಾರುಗಳನ್ನು ಅಲ್ಲಿ ತೆಗೆದುಕೊಳ್ಳುವುದೇ ಇಲ್ಲ.

ಎಲ್ಲ ವ್ಯವಸ್ಥೆಗಳಿಗೂ ಒಪ್ಪುವ ಅಸ್ತ್ರ ಮಾಹಿತಿ ಹಕ್ಕು. ದೂರನ್ನು ಏಕೆ ಮುಗಿಸಿದಿರಿ ಎಂದು ಕೇಳಬೇಡಿ, ಅದು ದಾಖಲೆಯಲ್ಲ ಎಂದು ತಳ್ಳಿಹಾಕುತ್ತಾರೆ. ಹೀಗೆ ಕೇಳಿ: ಇಂಥ ಸಂಖ್ಯೆಯ ದೂರಿನ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಸ್ಥಳ ಪರಿಶೀಲನಾ ವರದಿ ಮತ್ತು ಫೋಟೊಗಳ ಪ್ರತಿ, ಮುಕ್ತಾಯಕ್ಕೆ ಅನುಮೋದನೆ ಕೊಟ್ಟ ಅಧಿಕಾರಿಯ ಪದನಾಮ, ಕೆಲಸ ಆಗಿದ್ದರೆ ಅದನ್ನು ಅಳೆದು ಬರೆದಿಟ್ಟ ಅಳತೆ ಪುಸ್ತಕದ ಪುಟ ಮತ್ತು ಬಿಲ್ಲಿನ ಪ್ರತಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ಸರದಿ ಉದ್ದವಾಗಿದ್ದರೂ ಅರ್ಜಿ ತಲುಪಿದ ಮಾತ್ರಕ್ಕೆ ಕೆಲಸ ನಡೆಯುವುದುಂಟು. ಪರಿಶೀಲನಾ ವರದಿಯೇ ಇಲ್ಲದೆ ಮುಗಿಸಿದ ದೂರಿನ ದಾಖಲೆ ಹೊರಗೆ ಹೋಗುವುದು ಯಾರಿಗೂ ಬೇಕಿರುವುದಿಲ್ಲ. ‘ಇಂಥ ವರದಿ ಕಡತದಲ್ಲಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೂ ಅದೇ ಒಂದು ಪುರಾವೆ.

ಆ ಪುರಾವೆ ಕೈಯಲ್ಲಿದ್ದರೆ ಲೋಕಾಯುಕ್ತಕ್ಕೆ ಹೋಗಬಹುದು. ದುರಾಡಳಿತದಿಂದ ಅನ್ಯಾಯ, ಅನುಚಿತ ಕಷ್ಟ ಆಗಿದೆ ಎಂಬ ಕುಂದುಕೊರತೆಯನ್ನೂ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಒಳಗೊಂಡಿದೆ, ಲೋಕಾಯುಕ್ತ ಎಂದರೆ ಲಂಚದ ದಾಳಿ ಮಾತ್ರ ಎಂಬ ತಿಳಿವಳಿಕೆ ಸರಿಯಲ್ಲ. ದೂರು ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಸಮೇತ ಇರಬೇಕು. ಸುಳ್ಳು ದೂರಿಗೆ ಶಿಕ್ಷೆ ಇರುವುದರಿಂದ ಗೊತ್ತಿರುವಷ್ಟನ್ನೇ ಬರೆಯಬೇಕು. ಭ್ರಷ್ಟಾಚಾರ, ಅಧಿಕಾರ ದುರುಪಯೋಗದಂಥ ಆರೋಪಗಳಿಗೆ 5 ವರ್ಷದ ಕಾಲಾವಕಾಶವಿದೆ. ಕುಂದುಕೊರತೆಗೆ ಇರುವುದು ವಿಷಯ ನಿಮಗೆ ತಿಳಿದ ದಿನದಿಂದ 6 ತಿಂಗಳು ಮಾತ್ರ. ಪೋರ್ಟಲ್‌ನಲ್ಲಿ ಒಂದರ ಮೇಲೊಂದು ಹೊಸ ದೂರು ಹಾಕುತ್ತಾ ಕಾಯುವವರು ಕಳೆದುಕೊಳ್ಳುವುದು ಈ ಆರು ತಿಂಗಳನ್ನೇ. ಮೊದಲ ಮುಕ್ತಾಯದ ಸಂದೇಶ ಬಂದ ದಿನವನ್ನು ಬರೆದಿಟ್ಟುಕೊಂಡು, ಅದೇ ವಾರ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರ, ಮೊದಲ ಮೇಲ್ಮನವಿ ಎರಡಕ್ಕೂ ಸಮಯ ಹಿಡಿದರೂ ಲೋಕಾಯುಕ್ತದ ನಮೂನೆ ತುಂಬಲು ತಿಂಗಳುಗಳು ಉಳಿದಿರುತ್ತವೆ.